ಭಾವನ ಆಲ್ಫಾ-ಗ್ಯಾಲ್ ಅಲರ್ಜಿ: ಪ್ಯಾಕೆಟ್ ಹಿಂದೆ ಏನು ನೋಡಬೇಕು

ಅಕ್ಕಾ, ಈಗ ನೋಡಿದೆ ನಿಮ್ಮ ಮೆಸೇಜ್. ಭಾವನಿಗೆ ಆಲ್ಫಾ-ಗ್ಯಾಲ್ ಅಲರ್ಜಿ ಅಂತ ರಕ್ತಪರೀಕ್ಷೆಯಲ್ಲಿ ಬಂದಿದೆ, ಇನ್ಮೇಲೆ ಅಂಗಡಿಯಿಂದ ಏನು ತರಬಹುದು ಅಂತ ಕೇಳಿದ್ದೀರಿ. ಗ್ರೂಪಲ್ಲೇ ಹೇಳ್ತೀನಿ. ಆಲ್ಫಾ-ಗ್ಯಾಲ್ ಅಂದರೆ ದನ, ಹಂದಿ, ಕುರಿ ಥರದ ಪ್ರಾಣಿಗಳ ಮೈಯಲ್ಲಿರುವ ಒಂದು ಬಗೆಯ ಸಕ್ಕರೆ. ಅಮೆರಿಕದ ನಾರ್ತ್ ಕ್ಯಾರೊಲೈನಾ, ವರ್ಜೀನಿಯಾ ಕಡೆ ಲೋನ್ ಸ್ಟಾರ್ ಅನ್ನೋ ಉಣುಗು ಜಾಸ್ತಿ, ಹೆಚ್ಚಾಗಿ ಅದು ಕಚ್ಚಿಯೇ ಈ ಅಲರ್ಜಿ ಬರೋದು. ಅಲ್ಲಿರುವ ನಮ್ಮವರಿಗೆಲ್ಲ ಗೊತ್ತಿರಲಿ.

ಮಟನ್, ಬೀಫ್, ಪೋರ್ಕ್ ಬಿಡಬೇಕು, ಕೋಳಿ ಮೀನು ಆಗುತ್ತೆ. ಇಷ್ಟನ್ನು ಡಾಕ್ಟರ್ ಹೇಳಿರುತ್ತಾರೆ. ಕಷ್ಟ ಇರೋದು ಪ್ಯಾಕೆಟ್‌ನಲ್ಲಿ. ಹಿಂದೆ 'ಕಂಟೇನ್ಸ್' ಅಂತ ದಪ್ಪ ಅಕ್ಷರದ ಸಾಲು ಇರುತ್ತಲ್ಲ, ಅದೊಂದನ್ನೇ ನಂಬಬೇಡಿ. ಅಮೆರಿಕದ ಕಾನೂನು ಕೇಳೋದು 9 ಪದಾರ್ಥ ಮಾತ್ರ: ಹಾಲು, ಮೊಟ್ಟೆ, ಮೀನು, ಸೀಗಡಿ-ಏಡಿ, ಕಡಲೆಕಾಯಿ, ಬಾದಾಮಿ-ಗೋಡಂಬಿ ಥರದವು, ಗೋಧಿ, ಸೋಯಾ, 2023ರಿಂದ ಎಳ್ಳು. ಮಾಂಸ ಅದರಲ್ಲಿ ಇಲ್ಲವೇ ಇಲ್ಲ.

ಫ್ರಿಜ್ಜಲ್ಲಿರೋ ಸ್ಟ್ರಾಬೆರಿ ಯೋಗರ್ಟ್ ಕಪ್ ತಿರುಗಿಸಿ ನೋಡಿ. 'ಕಂಟೇನ್ಸ್' ಎದುರು ಬರೀ 'ಮಿಲ್ಕ್' ಅಂತಿರುತ್ತೆ. ಮೇಲಿನ ಸಣ್ಣಕ್ಷರದಲ್ಲಿ, ಸಕ್ಕರೆ, ಸ್ಟಾರ್ಚ್ ನಡುವೆ, ಕೆಲವು ಕಂಪನಿಯದ್ದರಲ್ಲಿ 'ಜೆಲಾಟಿನ್' ಸಿಗುತ್ತೆ. ಅದು ಸಾಮಾನ್ಯವಾಗಿ ದನದ್ದೋ ಹಂದಿಯದ್ದೋ ಚರ್ಮ, ಮೂಳೆಯಿಂದ ತೆಗೆದದ್ದು. ಮಾರ್ಷ್‌ಮ್ಯಾಲೋ, ಗಮ್ಮಿ, ಸಕ್ಕರೆ ಬಳಿದ ಕೆಲವು ಸೀರಿಯಲ್‌ನಲ್ಲೂ ಇದೇ. 'ಲಾರ್ಡ್' ಅಂದರೆ ಹಂದಿ ಕೊಬ್ಬು, 'ಟ್ಯಾಲೋ' ಅಂದರೆ ಹೆಚ್ಚಾಗಿ ದನದ್ದು. ಡಬ್ಬಿ ಬೀನ್ಸ್, ಟಾರ್ಟಿಲಾ ತಗೊಳ್ಳುವಾಗ ಇವೆರಡನ್ನೂ ಹುಡುಕಿ. ಚಿಕನ್ ಸಾಸೇಜ್ ಕೂಡ ಸುಮ್ನೆ ಬುಟ್ಟಿಗೆ ಹಾಕಬೇಡಿ, ಹೊರಗಿನ ಪೊರೆ ಹಂದಿ ಕರುಳಿನದ್ದಾಗಿರಬಹುದು.

'ನ್ಯಾಚುರಲ್ ಫ್ಲೇವರ್ಸ್', 'ಗ್ಲಿಸರಿನ್', 'ಮೊನೊ ಅಂಡ್ ಡೈಗ್ಲಿಸರೈಡ್ಸ್', ಇವು ಗಿಡದಿಂದಲೂ ಬರುತ್ತವೆ, ಪ್ರಾಣಿಯಿಂದಲೂ ಬರುತ್ತವೆ. ಪ್ಯಾಕೆಟ್ ಮೇಲಿನ ನಂಬರಿಗೆ ಫೋನ್ ಮಾಡಿ. 'ಅಲರ್ಜನ್ ಇದೆಯಾ' ಅಂದರೆ ಆ 9 ನೋಡಿ 'ಇಲ್ಲ' ಅಂದುಬಿಡಬಹುದು. 'ಇದು ದನ, ಹಂದಿ, ಕುರಿ ಯಾವುದರಿಂದಾದರೂ ಬಂದದ್ದಾ' ಅಂತಲೇ ಕೇಳಿ.

ಇಂಡಿಯನ್ ಸ್ಟೋರ್‌ನ ಹಸಿರು ಚುಕ್ಕಿ ಪ್ಯಾಕೆಟ್ ಓಕೆನಾ ಅಂತ ಅತ್ತೆ ಕೇಳಿದ್ದರು. ಅತ್ತೆ, ಮಾಂಸ, ಜೆಲಾಟಿನ್ ವಿಷಯಕ್ಕೆ ಆ ಚುಕ್ಕಿ ಒಳ್ಳೆ ಸಹಾಯ. ಆದರೆ ಹಾಲು, ತುಪ್ಪ, ಬೆಣ್ಣೆಗೂ ಅದೇ ಚುಕ್ಕಿ. ಈ ಅಲರ್ಜಿ ಇರುವ ತುಂಬಾ ಜನಕ್ಕೆ ಹಾಲು ಒಗ್ಗುತ್ತೆ, ಕೆಲವರಿಗೆ ಒಗ್ಗಲ್ಲ. ಭಾವನ ವಿಷಯ ಡಾಕ್ಟರ್ ಹೇಳುವವರೆಗೆ ಮೈಸೂರುಪಾಕ್ ಕಳಿಸಬೇಡಿ. ಇನ್ನೊಂದು, 'ಕ್ಯಾರಜೀನನ್'. ಅದು ಸಮುದ್ರದ ಪಾಚಿಯಿಂದ ಬಂದದ್ದು, ವೀಗನ್ ಪ್ಯಾಕೆಟ್‌ನಲ್ಲೂ ಇರುತ್ತೆ, ಆದರೂ ಕೆಲವರಿಗೆ ಆಗಲ್ಲ.

ತಿಂದದ್ದು 2ರಿಂದ 6 ಗಂಟೆ ಬಿಟ್ಟು ತೊಂದರೆ ಕೊಡುತ್ತೆ, ಅಕ್ಕಾ. ರಾತ್ರಿ ಊಟದ್ದು ನಡುರಾತ್ರಿ ಮೈಯೆಲ್ಲಾ ದದ್ದಾಗಿ ಏಳಬಹುದು. ಅದಕ್ಕೇ ಏನು ತಿಂದರು ಅಂತ ಬರೆದಿಡಿ. ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಎಪಿಪೆನ್ (ಅಲರ್ಜಿಗೆ ಕೊಡುವ ತುರ್ತು ಇಂಜೆಕ್ಷನ್) ಚುಚ್ಚಿ 911ಕ್ಕೆ ಫೋನ್ ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ.

ಮಾತ್ರೆಯ ಕ್ಯಾಪ್ಸೂಲ್ ಕೂಡ ಬಹಳಷ್ಟು ಜೆಲಾಟಿನ್‌ದೇ. ಭಾವ ತಗೊಳ್ಳೋ ಮಾತ್ರೆ, ವಿಟಮಿನ್ ಎಲ್ಲಾ ಫಾರ್ಮಸಿಸ್ಟ್‌ಗೆ ತೋರಿಸಿ. ನೀವಾಗಿಯೇ ನಿಲ್ಲಿಸಬೇಡಿ. ಮನೆಯಲ್ಲಿರೋ ಪ್ಯಾಕೆಟ್‌ಗಳ ಹಿಂಬದಿ ಫೋಟೋ ಕಳಿಸಿ, ಸಂಜೆ ಒಟ್ಟಿಗೆ ಕೂತು ನೋಡೋಣ.