ಈಜಿಪ್ಟಿನ ಚಿತ್ರಲಿಪಿ ಕಲಿಸುವ ಪ್ರವಾಸ: ಈ ವಯಸ್ಸಿನಲ್ಲಿ ಹೋಗಬಹುದಾ?

ನವನಗರದ ಲೆಕ್ಕಿಗ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ಬರುವ ಮಾರ್ಚ್‌ಗೆ ನನ್ನ ನೌಕರಿ ಮುಗಿಯುತ್ತದೆ. ಮೂವತ್ತನಾಲ್ಕು ವರ್ಷ ಬರೀ ಲೆಕ್ಕಪತ್ರ ಬರೆದೆ. ಈಗ ನನಗೆ ಓದಲು ಬಾರದ ಏನನ್ನಾದರೂ ಓದಲು ಕಲಿಯಬೇಕು ಅನ್ನೋ ಹುಚ್ಚು ಹಿಡಿದಿದೆ.

ಒಂದು ಪ್ರವಾಸದ ಕರಪತ್ರ ಕೈಗೆ ಬಂತು. ಹನ್ನೆರಡು ದಿನ, ಕೈರೋದಿಂದ ಆಸ್ವಾನ್‌ವರೆಗೆ. ಬೆಳಿಗ್ಗೆ ಎರಡು ತಾಸು ಚಿತ್ರಲಿಪಿಯ ಪಾಠ. ಆಮೇಲೆ ಗುಡಿ, ಗೋರಿಗಳಿಗೆ ಹೋಗಿ ಗೋಡೆ ಮೇಲೆ ಅದನ್ನೇ ಓದುವುದು. ಪಾಠ ಇಂಗ್ಲಿಷಿನಲ್ಲಿ. ಫೈಲು ಓದುವಷ್ಟು ಇಂಗ್ಲಿಷ್ ಇದೆ, ಗಡಿಬಿಡಿಯಲ್ಲಿ ಮಾತಾಡಿದರೆ ತಿಳಿಯುವುದಿಲ್ಲ. ಚಿತ್ರ ಬಿಡಿಸಲಂತೂ ಬರುವುದೇ ಇಲ್ಲ. ನಾನು ಬಿಡಿಸಿದ ಕಾಗೆಯನ್ನು ಮೊಮ್ಮಗಳು ಚಪ್ಪಲಿ ಅಂದಳು.

ಹನ್ನೆರಡು ದಿನಕ್ಕೆ ನಿಜವಾಗಿ ಓದಲು ಬರುತ್ತದಾ? ಅಥವಾ ಸುಮ್ನೆ ದುಡ್ಡು ದಂಡವಾ? ಮನೆಯವರು "ಕರೆಂಟ್ ಬಿಲ್ ಓದೋಕೇ ಕನ್ನಡಕ ಹುಡುಕ್ತೀರಿ, ಗೋಡೆ ಮೇಲಿನ ಗೂಬೆ ಏನು ಓದ್ತೀರಿ" ಅಂತ ನಗುತ್ತಿದ್ದಾರೆ. ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ. ಊಟದ ವಿಷಯವನ್ನೂ ಹೇಳಿ, ನಾನು ಪಕ್ಕಾ ಸಸ್ಯಾಹಾರಿ.

ಸುಮ್ನೆ ಓದುಗ

ಯೂಟ್ಯೂಬಿನಲ್ಲಿ ಎಲ್ಲಾ ಪುಕ್ಕಟೆ ಇದೆ ಸರ್. ಅಷ್ಟು ದುಡ್ಡಲ್ಲಿ ಮನೆ ಮೇಲೆ ಸೋಲಾರ್ ಹಾಕಿಸಬಹುದು.

ಗಣಿತದ ಅಕ್ಕೋರು (ವಿಜಯಪುರ)

ಲೆಕ್ಕಿಗ ಸರ್, ನಾನು ಹೋಗಿ ಬಂದಿದ್ದೇನೆ. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತಳಾದ ಮರುವರ್ಷ. ನನಗೆ ಆಗ 61. ಹಾಗಾಗಿ ವಯಸ್ಸಿನ ಮಾತು ಬಿಡಿ.

ಮೊದಲು ಒಂದು ತಪ್ಪು ಕಲ್ಪನೆ ತೆಗೆಯುತ್ತೇನೆ. ಇದು ಚಿತ್ರ ನೋಡಿ ಅರ್ಥ ಊಹಿಸುವ ಆಟ ಅಲ್ಲ. ಗೂಬೆ ಕಂಡರೆ ಗೂಬೆ ಅಂತಲ್ಲ, ಅದು "ಮ" ಧ್ವನಿ. ನೀರಿನ ಅಲೆ "ನ". ಬಾಯಿ "ರ". ಕಾಲು "ಬ". ಕೊಂಬಿನ ಹಾವು "ಫ". ಹೀಗೆ ಒಂದೊಂದೇ ವ್ಯಂಜನ ಹೇಳುವ ಚಿಹ್ನೆಗಳು ಸುಮಾರು 24. ಎರಡು, ಮೂರು ವ್ಯಂಜನ ಒಟ್ಟಿಗೆ ಹೇಳುವವು ಬೇರೆ ಇವೆ. ಎಲ್ಲಾ ಸೇರಿ ಸಾಮಾನ್ಯವಾಗಿ ಬಳಸುತ್ತಿದ್ದದ್ದು ಸುಮಾರು 700. ಹೆದರಬೇಡಿ, ಹನ್ನೆರಡು ದಿನಕ್ಕೆ ಅರವತ್ತು ಎಂಬತ್ತು ಸಾಕು.

ಸ್ವರಗಳನ್ನು ಅವರು ಬರೆಯುತ್ತಿರಲಿಲ್ಲ. ಇಲ್ಲೇ ನಾನು ಮೂರು ದಿನ ಒದ್ದಾಡಿದೆ. ಆಮೇಲೆ ಹೋಟೆಲಿನ ಬಾಲ್ಕನಿಯಲ್ಲಿ ಕುಳಿತು ಕನ್ನಡದಲ್ಲೇ ಲೆಕ್ಕ ಹಾಕಿದೆ. ಸ್ವರ ತೆಗೆದು "ಗ ಳ" ಅಂತ ಮಾತ್ರ ಬರೆದರೆ ಏನು ಓದುತ್ತೀರಿ? ಗಿಳಿ, ಗಾಳಿ, ಗೂಳಿ, ಗೋಳು, ಯಾವುದೂ ಆಗಬಹುದು. ಹಾಗಾಗಿ ಕೊನೆಗೆ ಒಂದು ಚಿತ್ರ ಸೇರಿಸಿ. ಹಕ್ಕಿ ಇಟ್ಟರೆ ಗಿಳಿ. ಎತ್ತು ಇಟ್ಟರೆ ಗೂಳಿ. ಹಾಯಿ ಇಟ್ಟರೆ ಗಾಳಿ. ಕಣ್ಣೀರು ಸುರಿಸುವ ಕಣ್ಣು ಇಟ್ಟರೆ ಗೋಳು. ಈಜಿಪ್ಟಿನವರು ಮಾಡಿದ್ದು ಇದನ್ನೇ. ಕೊನೆಯ ಚಿತ್ರವನ್ನು ಉಚ್ಚರಿಸುವುದಿಲ್ಲ, ಯಾವ ಜಾತಿಯ ಪದ ಅಂತ ತಿಳಿಯಲು ಮಾತ್ರ. ತಮಾಷೆ ಅಂದರೆ ಅವರೂ ಗಾಳಿ ಅನ್ನೋ ಪದಕ್ಕೆ ಹಾಯಿಯ ಚಿತ್ರವನ್ನೇ ಇಡುತ್ತಿದ್ದರು, ಅಳುವುದಕ್ಕೆ ಕಣ್ಣೀರಿನ ಕಣ್ಣನ್ನೇ. ಮರುದಿನ ನಮ್ಮ ಗುರುಗಳಿಗೆ ಇದನ್ನು ಹೇಳಿದೆ. ಅವರು ಗಿಳಿ ಗಾಳಿ ಗೂಳಿ ಮೂರನ್ನೂ ತಮ್ಮ ನೋಟ್‌ಬುಕ್‌ನಲ್ಲಿ ಬರೆದುಕೊಂಡರು. ಅವರು ಕೈರೋದವರು, "ಳ" ಹೇಳಲು ನಾಲಿಗೆ ಹೊರಳಲಿಲ್ಲ.

ಇನ್ನು ದಿಕ್ಕು. ಬಲದಿಂದ ಎಡಕ್ಕೂ ಬರೆಯುತ್ತಾರೆ, ಎಡದಿಂದ ಬಲಕ್ಕೂ, ಮೇಲಿನಿಂದ ಕೆಳಕ್ಕೂ. ಪ್ರಾಣಿ, ಮನುಷ್ಯರ ಮುಖ ಎತ್ತ ಇದೆ ನೋಡಿ, ಆ ಕಡೆಯಿಂದ ಶುರು ಮಾಡಬೇಕು. ಕೇಳಲು ಸುಲಭ ಅಲ್ವಾ? ಕಾರ್ನಾಕ್ ಗುಡಿಯಲ್ಲಿ ಮೊದಲ ದಿನ ನಾನು ಒಂದು ಸಾಲನ್ನು ಎಡದಿಂದ ಹಿಡಿದು ಗಟ್ಟಿಯಾಗಿ ಓದಿದೆ. ಮೂವತ್ತು ವರ್ಷ ಬೋರ್ಡ್ ಮುಂದೆ ನಿಂತ ಧ್ವನಿ, ಅಕ್ಕಪಕ್ಕದ ಗುಂಪಿನವರೂ ತಿರುಗಿ ನೋಡಿದರು. ಗುರುಗಳು ಪೂರ್ತಿ ಕೇಳಿ "ಹಕ್ಕಿಗಳೆಲ್ಲ ನಿಮಗೆ ಬೆನ್ನು ತೋರಿಸುತ್ತಿವೆ" ಅಂದರು. ನಾನು ರಾಜನ ಬಿರುದನ್ನು ಬಾಲದಿಂದ ಓದಿದ್ದೆ.

ಗೂಬೆ ಮಾತ್ರ ನಿಮ್ಮ ಕಡೆ ಪೂರ್ತಿ ಮುಖ ಮಾಡಿ ನೋಡುತ್ತದೆ. ಉಳಿದ ಹಕ್ಕಿಗಳು ಪಕ್ಕದಿಂದ ಕಾಣುತ್ತವೆ. ನಿಮ್ಮ ಮನೆಯವರಿಗೆ ಹೇಳಿ, ಗೋಡೆ ಮೇಲಿನ ಗೂಬೆ ಓದುವುದೇ ಎಲ್ಲಕ್ಕಿಂತ ಸುಲಭ.

ಏನು ಓದಬಹುದು? ಮೊದಲು ಹೆಸರುಗಳು. ರಾಜನ ಹೆಸರು ಉದ್ದನೆಯ ಹಗ್ಗದ ಉಂಗುರದೊಳಗೆ ಇರುತ್ತದೆ, ಕಣ್ಣಿಗೆ ಬೇಗ ಬೀಳುತ್ತದೆ. ಜೊಂಡು ಮತ್ತು ಜೇನುಹುಳ ಕಂಡರೆ "ಮೇಲಿನ, ಕೆಳಗಿನ ಈಜಿಪ್ಟಿನ ರಾಜ". ಬಾತು ಮತ್ತು ಸೂರ್ಯ ಕಂಡರೆ "ರಾ ದೇವರ ಮಗ". ಬಾತು ಅಂದರೆ ಮಗ, "ಸಾ". ಅದರ ಜೊತೆ ಸಣ್ಣ ರೊಟ್ಟಿಯ ಗುರುತು, ಅಂದರೆ "ತ", ಸೇರಿಸಿದರೆ ಮಗಳು. ಹೆಣ್ಣಿನ ಪದಗಳಿಗೆ ಕೊನೆಗೆ ಆ ರೊಟ್ಟಿ ಬರುತ್ತದೆ. ಹತ್‌ಶೆಪ್ಸುತ್ ರಾಣಿ ಗಡ್ಡ ಕಟ್ಟಿಕೊಂಡು ರಾಜನ ವೇಷದಲ್ಲಿ ನಿಂತಿರುತ್ತಾಳೆ, ಆದರೆ ಪಕ್ಕದ ಬರಹದಲ್ಲಿ ಎಷ್ಟೋ ಕಡೆ ಈ ರೊಟ್ಟಿ ಹಾಗೇ ಇದೆ. ಅದನ್ನು ನಾನೇ ಕಂಡುಹಿಡಿದಾಗ ಆದ ಖುಷಿಗೆ ವಿಮಾನದ ಟಿಕೆಟ್ ವಸೂಲಾಯಿತು.

ಅಬಿಡೋಸ್ ನಿಮ್ಮ ಕರಪತ್ರದಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಬೇರೆ ಪ್ರವಾಸ ಹುಡುಕಿ. ಅಲ್ಲಿ ಮೊದಲನೇ ಸೇತಿ ರಾಜನ ಗುಡಿಯ ಒಂದು ಗೋಡೆಯ ಮೇಲೆ ಎರಡು ಸಾಲಿನಲ್ಲಿ 76 ರಾಜರ ಹೆಸರು ಕೆತ್ತಿದ್ದಾರೆ. ಮುಂದೆ ಸೇತಿ ನಿಂತಿದ್ದಾನೆ, ಅವನ ಮಗ ಚಿಕ್ಕ ರಾಮ್ಸೆಸ್ ಕೈಯಲ್ಲಿ ಸುರುಳಿ ಹಿಡಿದಿದ್ದಾನೆ. ಥೇಟ್ ಹಾಜರಿ ಕೂಗುವ ಮಾನಿಟರ್. ಹತ್‌ಶೆಪ್ಸುತ್ ಗೈರು, ಅಖೆನಾತನ್ ಗೈರು, ತೂತಂಖಾಮನ್ ಗೈರು. ಬೇಡವಾದವರ ಹೆಸರು ಹಾಜರಿ ಪುಸ್ತಕದಿಂದಲೇ ಹೊಡೆದು ಹಾಕಿದ್ದಾರೆ.

ಎರಡನೆಯದು ಎಡೆಯ ಮಂತ್ರ. ಸತ್ತವರಿಗೆ ಎಡೆ ಇಡುವ ಮಾತು, ಸಾವಿರಾರು ಕಲ್ಲುಗಳ ಮೇಲೆ ಹೆಚ್ಚುಕಡಿಮೆ ಒಂದೇ ತರ ಇದೆ. "ಹೆತೆಪ್ ದಿ ನೆಸು" ಅಂತ ಶುರು. ರಾಜ ಕೊಡುವ ನೈವೇದ್ಯ ಅಂತ ಅರ್ಥ. ಬರೆಯುವಾಗ ಮಾತ್ರ ರಾಜನ ಗುರುತು ಮೊದಲು, ಮರ್ಯಾದೆಗೆ. ದೇವರ ಹೆಸರಿಗೂ ಅಷ್ಟೇ. ತೂತಂಖಾಮನ್ ಹೆಸರಿನಲ್ಲಿ ಕೊನೆಗೆ ಬರುವ ಆಮುನ್ ದೇವರನ್ನು ಬರಹದಲ್ಲಿ ಮುಂದೆ ಕೂರಿಸಿದ್ದಾರೆ. ಎಡೆಯ ಮಂತ್ರದಲ್ಲಿ ಮುಂದೆ ಬರುವುದು ಸತ್ತವರ ಲೋಕದ ದೇವರು ಒಸೈರಿಸ್ ಹೆಸರು, ಆಮೇಲೆ ಸಾವಿರ ರೊಟ್ಟಿ, ಸಾವಿರ ಬಿಯರ್, ಎತ್ತು, ಕೋಳಿಬಾತು, ಬಟ್ಟೆ. ಕೊನೆಗೆ ಸತ್ತವರ ಹೆಸರು. ಇದೊಂದನ್ನು ಬಾಯಿಪಾಠ ಮಾಡಿ. ಕೈರೋದ ತಹ್ರೀರ್ ಚೌಕದ ಹಳೇ ಮ್ಯೂಸಿಯಮ್ಮಿನಲ್ಲಿ ಒಂದಾದ ಮೇಲೊಂದು ಕಲ್ಲು ಓದುತ್ತಾ ಹೋಗಬಹುದು. ಕೆಲವು ಕಲ್ಲುಗಳು ದಾರಿಹೋಕರನ್ನೇ ಕರೆಯುತ್ತವೆ: ಇಲ್ಲಿ ಹಾದು ಹೋಗುವವರೇ, ಇದನ್ನು ಬಾಯಿಬಿಟ್ಟು ಹೇಳಿ. ಹೇಳಿದರೆ ಸಾಕು, ಸತ್ತವರಿಗೆ ಊಟ ಮುಟ್ಟುತ್ತದೆ ಅಂತ ನಂಬಿಕೆ. ನಾನು ಮೆಲ್ಲಗೆ ಹೇಳಿದೆ. ಸುಳ್ಳಲ್ಲ, ಗಂಟಲು ಕಟ್ಟಿತು. ನಮ್ಮತ್ತೆಗೆ ಎಡೆ ಇಡುವ ದಿನ ನಾನು ಅಲ್ಲಿದ್ದೆ.

ದೂರೂ ಹೇಳಿಬಿಡುತ್ತೇನೆ. ನನ್ನನ್ನು ಕರೆದೊಯ್ದವರು ಎರಡು ದಿನ ಪಾಠ ನಿಲ್ಲಿಸಿ ಪಪೈರಸ್ (ಜೊಂಡಿನಿಂದ ಮಾಡಿದ ಹಾಳೆ) ಅಂಗಡಿ, ಅತ್ತರಿನ ಅಂಗಡಿಗೆ ಒಯ್ದರು. ದುಡ್ಡು ಕಟ್ಟುವ ಮೊದಲು ದಿನಕ್ಕೆ ಎಷ್ಟು ತಾಸು ಪಾಠ ಅಂತ ಬರೆಸಿಕೊಳ್ಳಿ. ಅಂಗಡಿಯ ಒಂದು ಹಾಳೆಯಲ್ಲಿ ಒಂದೇ ಸಾಲಿನ ಹಕ್ಕಿಗಳು ಅರ್ಧ ಈ ಕಡೆ, ಅರ್ಧ ಆ ಕಡೆ ನೋಡುತ್ತಿದ್ದವು. ಅಲ್ಲಿಗೆ ನನ್ನ ಪಾಠ ನಾಲ್ಕೇ ದಿನ ಆಗಿತ್ತು, ಆದರೂ ಅಂಗಡಿಯವನಿಗೆ ತಪ್ಪು ತೋರಿಸಿ ಬಂದೆ.

ಯೂಟ್ಯೂಬ್ ಅಂದವರಿಗೆ: ಸರಿ, 24 ಗುರುತನ್ನು ಮನೆಯಲ್ಲೇ ಕಲಿತು ಹೋಗಬೇಕು. ಪಾಟಿ, ಬಳಪ ತಗೊಂಡು ದಿನಕ್ಕೆ ಎರಡರಂತೆ ತಿದ್ದಿ. ಕಾಗೆ ಚಪ್ಪಲಿಯಾದರೂ ಪರವಾಗಿಲ್ಲ, ಕೈ ನೆನಪಿಡುತ್ತದೆ. ಆದರೆ ಗೋಡೆ ಮುಂದೆ ನಿಂತಾಗ ಅರ್ಧ ಅಕ್ಷರ ಉದುರಿರುತ್ತದೆ, ಒಂದರ ಮೇಲೊಂದು ಕೂತಿರುತ್ತದೆ. ಅದನ್ನು ಫೋನು ಕಲಿಸುವುದಿಲ್ಲ.

ಬಾದಾಮಿ ಬಂಡೆ

ಅಕ್ಕೋರ ಮಾತಿಗೆ ಒಂದು ಸೇರಿಸುತ್ತೇನೆ. ಲೆಕ್ಕಿಗ ಸರ್, ನಿಮ್ಮ ಮನೆಯಿಂದ ಪಟ್ಟದಕಲ್ಲು ಎಷ್ಟು ದೂರ? ಈಜಿಪ್ಟಿಗೆ ಮೊದಲು ಅಲ್ಲಿಗೆ ಹೋಗಿ. ಇಮ್ಮಡಿ ಕೀರ್ತಿವರ್ಮನ ಕಾಲದ ಕಂಬವಿದೆ, 754ರದ್ದು. ಒಂದೇ ಸಂಸ್ಕೃತ ಬರಹವನ್ನು ಎರಡು ಲಿಪಿಯಲ್ಲಿ ಕೆತ್ತಿದ್ದಾರೆ, ಒಂದು ಉತ್ತರದ ಲಿಪಿ, ಒಂದು ನಮ್ಮ ಹಳೆಯ ಕನ್ನಡ ಲಿಪಿ. ಚಿತ್ರಲಿಪಿ ಓದಲು ಕೀಲಿಯಾದ ಈಜಿಪ್ಟಿನ ರೊಸೆಟ್ಟಾ ಕಲ್ಲಿನಲ್ಲಿ ಮೂರು ಲಿಪಿ, ಎರಡು ಭಾಷೆ, ಒಂದು ಓದಲು ಬರುತ್ತಿದ್ದ ಗ್ರೀಕ್. 1799ರಲ್ಲಿ ಅದು ಸಿಕ್ಕಿತು, 1822ರಲ್ಲಿ ಫ್ರಾನ್ಸಿನ ಪಂಡಿತ ಶಾಂಪೋಲಿಯೋನ್ ಗಂಟು ಬಿಡಿಸಿದ. ಅವನಿಗೆ ಕಾಪ್ಟಿಕ್ ಬರುತ್ತಿತ್ತು, ಅಂದರೆ ಈಜಿಪ್ಟಿನ ಹಳೇ ಭಾಷೆಯ ಕೊನೆಯ ರೂಪ. ಅದಕ್ಕೇ ಕೆಲಸ ಆಯಿತು. ಗೊತ್ತಿರುವ ಒಂದರ ಪಕ್ಕ ಗೊತ್ತಿಲ್ಲದ್ದನ್ನು ಇಟ್ಟು ಓದುವುದು ಹೇಗೆ ಅಂತ ಆ ಕಂಬದ ಮುಂದೆ ಅರ್ಧ ದಿನ ಕೂತರೆ ತಿಳಿಯುತ್ತದೆ.

ಬೆಳಕಿನ ವಿಷಯ ಅಕ್ಕೋರು ಬಿಟ್ಟರು. ನಡು ಮಧ್ಯಾಹ್ನ ಯಾವ ಶಾಸನವೂ ಕಾಣುವುದಿಲ್ಲ. ಎಳೆ ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರ ಎದ್ದು ನಿಲ್ಲುತ್ತದೆ. ತಟ್ಟುಕೋಟೆಯ ಕಪ್ಪೆ ಅರಭಟ್ಟನ ಶಾಸನದ ಮುಂದೆ ನಾನು ಕಲಿತ ಪಾಠ ಇದು. ಟಾರ್ಚ್ ಇದ್ದರೆ ಎದುರಿಗೆ ಅಲ್ಲ, ಪಕ್ಕದಿಂದ ಹಿಡಿಯಿರಿ. ಹಿಟ್ಟು, ಸುಣ್ಣ ಬಳಿಯುವ ಚಟ ಇದ್ದರೆ ದಯವಿಟ್ಟು ಮನೆಯಲ್ಲೇ ಬಿಟ್ಟು ಹೋಗಿ.

ಗುಮ್ಮಟದ ಹಿಂದಿನ ಓಣಿ (ವಿಜಯಪುರ)

ನಾನು ಈಜಿಪ್ಟಿಗೆ ಹೋಗಿಲ್ಲ. ಆದರೆ ಚಿಕ್ಕಂದಿನಲ್ಲಿ ಅರಬ್ಬಿ ಅಕ್ಷರ ಕಲಿತಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ. ಹಳೇ ಈಜಿಪ್ಟಿನ ಭಾಷೆಯಲ್ಲಿ ನಾಲ್ಕು ತರದ "ಹ" ಇವೆ. ಗಂಟಲಿನ ಒಳಗಿನ "ಐನ್" ಇದೆ. ನಮ್ಮ ಓಣಿಯಲ್ಲಿ ಬೆಳೆದವರಿಗೆ ಇದು ಕಷ್ಟ ಆಗುವುದಿಲ್ಲ. ಸ್ವರ ಬಿಟ್ಟು ಬರೆಯುವುದೂ ಅರಬ್ಬಿಯವರಿಗೆ ಹೊಸದಲ್ಲ.

ಅಕ್ಷರ ಅಂದರೆ ಓದಲು ಮಾತ್ರ ಅಲ್ಲ ಅಂತ ನೋಡಬೇಕಿದ್ದರೆ ಇಲ್ಲಿಗೂ ಬನ್ನಿ. ಇಬ್ರಾಹಿಂ ರೋಜಾದ ಕಲ್ಲಿನ ಜಾಲರಿ ಕಿಟಕಿಗಳಲ್ಲಿ ಅಕ್ಷರಗಳೇ ಜಾಲರಿ. ಗೋಳಗುಮ್ಮಟದ ದಕ್ಷಿಣ ಬಾಗಿಲ ಮೇಲೆ ಮೂರು ಬರಹ ಇವೆ. ಅಕ್ಷರಗಳಿಗೆ ಅಂಕಿ ಇಟ್ಟು ಕೂಡಿದರೆ ಮೂರರಲ್ಲೂ 1067 ಬರುತ್ತದೆ. ಮಹಮ್ಮದ್ ಆದಿಲ್ ಶಾಹ ತೀರಿಕೊಂಡ ಹಿಜರಿ ವರ್ಷ. ನೀವು ಲೆಕ್ಕದವರು, ಕೂಡಿ ನೋಡಿ.

ನವನಗರದ ಲೆಕ್ಕಿಗ (ಬಾಗಲಕೋಟೆ)

ಅಕ್ಕೋರೇ, ಎಲ್ಲರಿಗೂ ಉಪಕಾರ. ಗಿಳಿ ಗಾಳಿ ಗೂಳಿಯನ್ನು ಮನೆಯವರಿಗೆ ಓದಿ ಹೇಳಿದೆ. ನಗು ನಿಂತಿದೆ. "ಗೋಳು ನನ್ನದು" ಅಂದರು. ಕರಪತ್ರ ನೋಡಿದೆ, ಅಬಿಡೋಸ್ ಇದೆ, ಒಂದು ದಿನ ಪೂರ್ತಿ. ಊಟದ್ದು ಹೇಳಲಿಲ್ಲವಲ್ಲ?

ಗಣಿತದ ಅಕ್ಕೋರು (ವಿಜಯಪುರ)

ಊಟಕ್ಕೆ ಚಿಂತೆ ಇಲ್ಲ ಸರ್. ಕುಶರಿ ಅಂತ ಸಿಗುತ್ತದೆ. ಅನ್ನ, ಬೇಳೆ, ಮ್ಯಾಕರೋನಿ, ಕಡಲೆ, ಮೇಲೆ ಟೊಮೆಟೊ ಸಾರು, ಹುರಿದ ಈರುಳ್ಳಿ. ಬೆಳಿಗ್ಗೆ ಫೂಲ್, ಅವರೆಯಂಥ ಒಂದು ದಪ್ಪ ಕಾಳಿನ ಪಲ್ಯ. ಅದೇ ಕಾಳಿನ ವಡೆಯೂ ಇದೆ, ತಾಮಿಯ ಅಂತಾರೆ. ರೊಟ್ಟಿಗೆ ಅಲ್ಲಿ "ಐಶ್" ಅನ್ನುತ್ತಾರೆ, ಆ ಪದಕ್ಕೆ ಜೀವನ ಅನ್ನೋ ಅರ್ಥವೂ ಇದೆ. ನಾನಂತೂ ಇಪ್ಪತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ದಿದ್ದೆ. ಹತ್ತು ರೊಟ್ಟಿ ನಮ್ಮ ಗುರುಗಳೇ ತಿಂದರು.

ನವನಗರದ ಲೆಕ್ಕಿಗ (ಬಾಗಲಕೋಟೆ)

ಹದಿನೈದು ದಿನದ ಮೇಲೆ ಬರೆಯುತ್ತಿದ್ದೇನೆ. ಮುಂಗಡ ಕಟ್ಟಿದೆ. ದಿನಕ್ಕೆ ಎರಡು ತಾಸು ಅಂತ ಬರೆಸಿಕೊಂಡೆ. 24ರಲ್ಲಿ 19 ಕೈಗೆ ಹತ್ತಿವೆ. ನನ್ನ ಗೂಬೆ ಈಗ ಗೂಬೆಯಂತೆ ಕಾಣುತ್ತದೆ ಅಂತ ಮೊಮ್ಮಗಳು ಒಪ್ಪಿದ್ದಾಳೆ. ನಿನ್ನೆ ಅಳಿಯನ ಮನೆಯ ಗೋಡೆಯಲ್ಲಿ ಕಟ್ಟು ಹಾಕಿಸಿದ ಒಂದು ಪಪೈರಸ್ ಹಾಳೆ ಕಂಡಿತು, ಯಾರೋ ತಂದುಕೊಟ್ಟದ್ದಂತೆ. ಹಗ್ಗದ ಉಂಗುರದ ಮೇಲೆ ಬಾತು, ಅದರ ಪಕ್ಕ ಸೂರ್ಯ. ಎಲ್ಲರ ಮುಂದೆ "ಸಾ ರಾ, ರಾ ದೇವರ ಮಗ" ಅಂತ ಓದಿಬಿಟ್ಟೆ. ಸರಿನಾ ಅಕ್ಕೋರೇ?

ಗಣಿತದ ಅಕ್ಕೋರು (ವಿಜಯಪುರ)

ಸರಿ. ಆದರೆ ಬಾತು ಯಾವ ಕಡೆ ನೋಡುತ್ತಿತ್ತು ಅಂತ ಬರೆಯಲಿಲ್ಲ. ಅರ್ಧ ಅಂಕ.