ಸಹಾಯ ಬೇಕು: ಮಾರ್ಲಿನ್ 336ಕ್ಕೆ ಯಾವ ಸ್ಕೋಪ್, ಎಷ್ಟು ಎತ್ತರದ ರಿಂಗ್?

ಎಲ್ಲರಿಗೂ ನಮಸ್ಕಾರ. ನನ್ನದು .30-30 ಕ್ಯಾಲಿಬರಿನ ಮಾರ್ಲಿನ್ 336 ಲಿವರ್-ಆಕ್ಷನ್ (ಟ್ರಿಗರ್ ಬಳಿಯ ಲಿವರ್ ಆಡಿಸಿ ಗುಂಡು ಏರಿಸುವ) ರೈಫಲ್. ಇಷ್ಟು ವರ್ಷ ಅದರ ಜೊತೆ ಬಂದ ಸೈಟ್‌ನಲ್ಲೇ (ನಳಿಗೆ ಮೇಲಿನ ಗುರಿ ನೋಡುವ ಗುರುತು) ಬೇಟೆ ಆಡಿದೆ. ಈಗ ಸಂಜೆ ಹೊತ್ತಿಗೆ ಮುಂದಿನ ಸೈಟ್ ಮಸುಕಾಗುತ್ತದೆ. ಗುರಿ ತಪ್ಪಿ ಪ್ರಾಣಿ ಗಾಯದಲ್ಲೇ ಓಡಿಹೋಗಬಾರದು. ಅದಕ್ಕೇ ಸ್ಕೋಪ್ (ಗುರಿ ನೋಡುವ ದುರ್ಬೀನು) ಬೇಕು.

ಹೊಡೆದ ಗುಂಡಿನ ಖಾಲಿ ಕೇಸ್ ಪಕ್ಕದಿಂದ ಹಾರುವುದರಿಂದ ಮೇಲೆ ಸ್ಕೋಪ್ ಕೂರಿಸಲು ಅಡ್ಡಿಯಿಲ್ಲ. ತಲೆನೋವು ಎತ್ತರದ್ದು. ಗೆಳೆಯನ ಸ್ಕೋಪನ್ನು ಮಧ್ಯಮ ಎತ್ತರದ ಮೀಡಿಯಂ ರಿಂಗ್‌ನಲ್ಲಿ (ಸ್ಕೋಪನ್ನು ಹಿಡಿದಿಡುವ ಬಳೆ) ಹಾಕಿ ನೋಡಿದೆ. ಸ್ಟಾಕ್‌ಗೆ (ಭುಜಕ್ಕೆ ಒತ್ತುವ ಹಿಂಭಾಗ) ಕೆನ್ನೆ ತಾಗಲೇ ಇಲ್ಲ, ಗದ್ದ ಮಾತ್ರ ತಾಗಿತು. ಲೋ ರಿಂಗ್ ಹಾಕಿದಾಗ ಕೆನ್ನೆ ಚೆನ್ನಾಗಿ ಕೂತಿತು, ಆದರೆ ಹ್ಯಾಮರ್ (ಹೊಡೆಯುವ ಮುನ್ನ ಹಿಂದಕ್ಕೆ ಎಳೆಯುವ ಕುದುರೆ) ಮೇಲೆ ಹೆಬ್ಬೆರಳು ಇಡಲು ಜಾಗವೇ ಇಲ್ಲ. ಗುಂಡು ತುಂಬಿರುವಾಗ ಹ್ಯಾಮರ್ ಇಳಿಸುತ್ತಾ ಬೆರಳು ಜಾರಿದರೆ ಅಪಾಯ ಅಲ್ವಾ?

ನಾನು ಹೊಡೆಯುವುದು ದಟ್ಟ ಕಾಡಿನಲ್ಲಿ, 150 ಗಜದೊಳಗೆ. 3-9×40 (3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಮಸೂರ 40 ಮಿ.ಮೀ. ಇರುವ ಸ್ಕೋಪ್) ಸುಮ್ನೆ ಭಾರ ಅನಿಸುತ್ತದೆ. 1 ಇಂಚು ಟ್ಯೂಬಿನ 2-7×33 ಅಥವಾ ಮುಂಭಾಗ ಉಬ್ಬಿಲ್ಲದ 1-4×20, ಇವೆರಡರಲ್ಲಿ ಯಾವುದು ವಾಸಿ? ಐ ರಿಲೀಫ್ (ಕಣ್ಣಿಗೂ ಸ್ಕೋಪಿಗೂ ನಡುವೆ ಇರಬೇಕಾದ ಅಂತರ) 4 ಇಂಚಾದರೂ ಇರಲಿ ಅಂತ ಆಸೆ.

ಹ್ಯಾಮರ್‌ಗೆ ಪಕ್ಕದಲ್ಲಿ ಹಾಕುವ ಎಕ್ಸ್‌ಟೆನ್ಷನ್ (ಹೆಬ್ಬೆರಳಿಗೆ ಸಿಗುವಂತೆ ಚಾಚುವ ಚಿಕ್ಕ ತುಂಡು) ಬಳಸಿದವರು ಇದ್ದೀರಾ? ಅದರ ಸ್ಕ್ರೂ ಸಡಿಲವಾಗುತ್ತದಾ? ನಾನು ಎಡಗೈಯವನು, ಎಡಕ್ಕೆ ತಿರುಗಿಸಿ ಹಾಕಬಹುದಾ? ಇದೇ ರೈಫಲ್ ಇರುವವರು ನಿಮ್ಮ ಬೇಸ್ (ರೈಫಲ್ ಮೇಲೆ ರಿಂಗ್ ಕೂರಿಸುವ ಪಟ್ಟಿ), ರಿಂಗ್ ಎತ್ತರ ತಿಳಿಸಿ. ಪಕ್ಕದಿಂದ ತೆಗೆದ ಫೋಟೋ ಹಾಕಿದರೆ ಇನ್ನೂ ಉಪಕಾರ.