‘ಓದಿಸಿಕೊಂಡು ಹೋಗುತ್ತದೆ’: ಇದರಲ್ಲಿ ‘ಕೊಂಡು’ ಯಾಕೆ ಬೇಕು?

ಪ್ರಶ್ನೆ (ತುಮಕೂರಿನಿಂದ):

ನಮಸ್ಕಾರ. ಈಚೆಗೆ ಓದಿದ ಎಂಟು ಜನಪ್ರಿಯ ಕಾದಂಬರಿಗಳ ಬಗ್ಗೆ ಒಂದೊಂದಕ್ಕೆ ನೂರು ಪದ ಮೀರದ ಹಾಗೆ ಅನಿಸಿಕೆ ಬರೆದಿದ್ದೇನೆ. ಪತ್ತೇದಾರಿ ಮೂರು, ಸಂಸಾರದ ಕತೆ ಮೂರು, ತೆಲುಗಿನಿಂದ ಬಂದವು ಎರಡು. ತಿರುಗಿ ನೋಡಿದರೆ ಐದು ಕಡೆ ‘ಓದಿಸಿಕೊಂಡು ಹೋಗುತ್ತದೆ’ ಎಂದೇ ಇದೆ. ‘ಓದಿಸುತ್ತದೆ’ ಅಂದರೆ ಸಾಲದೆ? ‘ಓದಿಕೊಂಡು ಹೋಗುತ್ತದೆ’ ಎಂದು ಬರೆಯುವವರೂ ಇದ್ದಾರೆ, ಅದು ಸರಿಯೆ? ಇನ್ನೊಂದು ಮಾತು. ವಯಸ್ಸಾದ ಓದುಗರೊಬ್ಬರನ್ನು ‘ಓದುಬಾಕರು’ ಎಂದು ಪರಿಚಯಿಸಿದರೆ ಅವರ ಮರ್ಯಾದೆಗೆ ಕುಂದಾಗುತ್ತದೆಯೆ?

ಉತ್ತರ (ಚಿಂತಾಮಣಿಯಿಂದ):

ಮೇಡಂ, ‘ಓದಿಕೊಂಡು ಹೋಗುತ್ತದೆ’ ತಪ್ಪು. ಪುಸ್ತಕ ಏನನ್ನೂ ಓದುವುದಿಲ್ಲ. ಓದಿಕೊಳ್ಳುವುದು ಪರೀಕ್ಷೆಗೆ ಕೂರುವ ಹುಡುಗನ ಕೆಲಸ. ನಡುವಿನ ‘ಇಸು’ ಬಿದ್ದುಹೋದರೆ ಕರ್ತೃವೇ ಅದಲುಬದಲಾಗುತ್ತದೆ. ಮಾತಿನಲ್ಲಿ ‘ಓದುಸ್ಕೊಂಡ್ ಹೋಗ್ತೈತೆ’ ಎಂದು ಬೇಗ ಆಡುವಾಗ ಆ ‘ಸ’ ಅರ್ಧ ನುಂಗಿಹೋಗುತ್ತದೆ. ಕಿವಿಗೆ ಬಿದ್ದಂತೆ ಬರೆಯುವವರ ಕೈಯಲ್ಲಿ ಪೂರ್ತಿ ಮಾಯವಾಗುತ್ತದೆ.

ಈ ಮಾತನ್ನು ಬಿಡಿಸಿ ನೋಡೋಣ. ಓದು, ಇಸು, ಕೊಂಡು, ಹೋಗು: ನಾಲ್ಕು ತುಂಡು, ನಾಲ್ಕಕ್ಕೂ ಕೆಲಸ ಇದೆ. ‘ಇಸು’ ಬೇರೆಯವರ ಕೈಯಲ್ಲಿ ಮಾಡಿಸುವ ಪ್ರೇರಣಾರ್ಥಕ. ‘ಕೊಳ್ಳು’ ಸೇರಿದಾಗ ಆ ಕೆಲಸದ ಫಲ ಕರ್ತೃವಿಗೇ ಬಂದು ಸೇರುತ್ತದೆ. ಬೈಸಿಕೊಂಡ, ಹೊಗಳಿಸಿಕೊಂಡ, ಸಾಲಗಾರ ಅನ್ನಿಸಿಕೊಂಡ ಎನ್ನುವಲ್ಲಿ ಇರುವುದೂ ಇದೇ ಜೋಡಿ. ‘ಬೈಯಲ್ಪಟ್ಟ’ ಎಂದು ಯಾರ ಮನೆಯಲ್ಲೂ ಆಡುವುದಿಲ್ಲ. ‘ಇಸಿಕೊಳ್ಳು’ ಅನ್ನುವುದೇ ಆಡುಗನ್ನಡದ ನಿಜವಾದ ಕರ್ಮಣಿ ಎಂದು ನನ್ನ ಗಟ್ಟಿ ಅಭಿಪ್ರಾಯ. ಹಾಗಾಗಿ ‘ಈ ಕಾದಂಬರಿ ಹೆಚ್ಚು ಓದಲ್ಪಡುತ್ತಿದೆ’ ಎಂಬ ವಾಕ್ಯ ನಿಮ್ಮ ಟಿಪ್ಪಣಿಯಲ್ಲಿ ಎಲ್ಲಾದರೂ ಇದ್ದರೆ ದಯವಿಟ್ಟು ತೆಗೆದುಹಾಕಿ. ‘ಹೆಚ್ಚು ಜನ ಓದುತ್ತಿದ್ದಾರೆ’ ಅಂದರೆ ಮುಗಿಯಿತು.

ಬರೀ ‘ಓದಿಸುತ್ತದೆ’ ಯಾಕೆ ಸಾಲದು? ವ್ಯಾಕರಣಕ್ಕೆ ಅದು ಸರಿಯೇ. ಆದರೆ ‘ಓದಿಸು’ ಅನ್ನುವ ಪದ ನಮ್ಮ ಕಡೆ ಆಗಲೇ ಎರಡು ಕೆಲಸ ಹೊತ್ತಿದೆ. ಒಂದು, ಮಕ್ಕಳನ್ನು ಓದಿಸುವುದು, ಅಂದರೆ ಶಾಲೆ ಕಾಲೇಜಿಗೆ ಹಾಕಿ ಖರ್ಚು ನೋಡಿಕೊಳ್ಳುವುದು. ಇನ್ನೊಂದು, ಮದುವೆಯಲ್ಲಿ ಉಡುಗೊರೆ, ಮುಯ್ಯಿ ಓದಿಸುವುದು. ಕೊಟ್ಟವರ ಹೆಸರು, ಊರು, ಮೊತ್ತವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದುದರಿಂದ ಬಂದ ಮಾತು ಅದು. ಈಗ ಕವರು ಕೈಗಿಟ್ಟು ಬಂದರೂ ‘ಎಷ್ಟು ಓದಿಸಿದೆ?’ ಎಂದೇ ಕೇಳುತ್ತಾರೆ. ತೆಲುಗಿನಲ್ಲೂ ಈ ಉಡುಗೊರೆಗೆ ‘ಚದಿವಿಂಪುಲು’ ಅನ್ನುತ್ತಾರೆ, ಓದು ಎಂಬರ್ಥದ ಧಾತುವಿನಿಂದಲೇ. ‘ಚೆನ್ನಾಗಿ ಓದಿಸಿದರು’ ಎಂದು ಹಿಂದುಮುಂದಿಲ್ಲದೆ ಹೇಳಿದರೆ ಕೇಳುವವರ ಮನಸ್ಸು ಮೊದಲು ಶಾಲೆಗೋ ಛತ್ರಕ್ಕೋ ಹೋಗುತ್ತದೆ. ‘ಕೊಂಡು’ ಬಂದ ಕೂಡಲೇ ಈ ಎರಡು ಅರ್ಥವೂ ದೂರ ಸರಿದು ಪುಸ್ತಕ ಒಂದೇ ಉಳಿಯುತ್ತದೆ. ‘ಓದಿಸುವ ಗುಣ’ ಎಂದು ನಾಮಪದದ ಜೊತೆ ಬಂದಾಗ ಗೊಂದಲ ಇಲ್ಲ, ಅದನ್ನು ಧಾರಾಳವಾಗಿ ಬಳಸಬಹುದು.

ಇನ್ನು ‘ಹೋಗು’. ಇಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ, ಕೆಲಸ ತಡೆಯಿಲ್ಲದೆ ಮುಂದೆ ಸಾಗುತ್ತದೆ ಎಂದಷ್ಟೇ ಅರ್ಥ. ಅದಕ್ಕೇ ‘ಓದಿಸಿಕೊಳ್ಳುತ್ತದೆ’ ಬೇರೆ, ‘ಓದಿಸಿಕೊಂಡು ಹೋಗುತ್ತದೆ’ ಬೇರೆ. ಪುಟಕ್ಕೆರಡು ಸಲ ನಿಂತು ಯೋಚಿಸುವಂತೆ ಮಾಡುವ ಕಾದಂಬರಿಯೂ ಕೊನೆಯವರೆಗೆ ಓದಿಸಿಕೊಳ್ಳಬಹುದು. ನಿಲ್ಲದೆ ಮುಂದಿನ ಪುಟಕ್ಕೆ ಕೈ ಹೋದರೆ ಮಾತ್ರ ಅದು ಓದಿಸಿಕೊಂಡು ಹೋಯಿತು. ನಾಲ್ಕು ಪುಟದ ಕತೆಗೆ ಈ ಮಾತು ಹೊಂದುವುದಿಲ್ಲ, ಸಾಗಲು ದಾರಿಯೇ ಇಲ್ಲವಲ್ಲ. ಪದ್ಯಕ್ಕಂತೂ ಬೇಡವೇ ಬೇಡ.

ವಾಕ್ಯ ಕಟ್ಟುವಾಗ ಎರಡು ಕಡೆ ಎಡವುತ್ತಾರೆ. ‘ನಾನು ಓದಿಸಿಕೊಂಡು ಹೋದೆ’ ಅಂದರೆ ಬೇರೆ ಯಾರಿಂದಲೋ ಓದಿಸಿ ಕೇಳಿದೆ ಎಂದಾಗುತ್ತದೆ. ಕರ್ತೃ ಪುಸ್ತಕವೇ ಆಗಿರಬೇಕು. ‘ನನ್ನಿಂದ ಓದಿಸಿಕೊಂಡಿತು’ ಅಂದರೆ ಬಲವಂತದ ವಾಸನೆ ಬರುತ್ತದೆ. ಓದುಗನನ್ನು ವಾಕ್ಯಕ್ಕೆ ತರದೆ ‘ಕಾದಂಬರಿ ಓದಿಸಿಕೊಂಡು ಹೋಗುತ್ತದೆ’ ಎಂದು ಬಿಟ್ಟರೆ ಅಚ್ಚುಕಟ್ಟು.

ಐದು ಕಡೆ ಬಂದಿರುವುದಕ್ಕೆ ನನ್ನ ಸಲಹೆ ಇದು. ಎರಡನ್ನು ಉಳಿಸಿ, ಉಳಿದ ಕಡೆ ಯಾವುದು ಓದಿಸಿತು ಎಂದು ಹೇಳಿ. ‘ಪತ್ತೇದಾರಿ ಕಾದಂಬರಿ, ಓದಿಸಿಕೊಂಡು ಹೋಗುತ್ತದೆ’ ಅನ್ನುವುದರಿಂದ ಓದುಗರಿಗೆ ಏನೂ ಸಿಗಲಿಲ್ಲ. ‘ಅಧ್ಯಾಯಗಳು ಐದಾರು ಪುಟದವು, ಪ್ರತಿಯೊಂದೂ ಒಂದು ಅನುಮಾನ ಎಬ್ಬಿಸಿ ಮುಗಿಯುತ್ತದೆ, ಕೊಲೆಗಾರ ಯಾರೆಂದು ಗೊತ್ತಾದ ಮೇಲಿನ ನಲವತ್ತು ಪುಟಗಳನ್ನು ಮಾತ್ರ ನಾವೇ ಓದಬೇಕಾಗುತ್ತದೆ’ ಎಂದು ಬರೆದು ನೋಡಿ. ‘ಓದಿಸಿಕೊಂಡು ಹೋಗು’ ಎಂಬುದರ ಎದುರುಪದ ಈ ‘ಓದಬೇಕಾಗು’. ಎಷ್ಟು ಸಣ್ಣ ಮಾತು, ಎಷ್ಟು ನಿಖರ!

ಕತೆ ಜಗ್ಗಿದ ಕಡೆಗೆ ‘ಹಿಂಜಿದ್ದಾರೆ’ ಎಂಬ ಒಳ್ಳೆಯ ಪದ ಇದೆ. ಹಿಡಿ ಹತ್ತಿಯನ್ನು ಹಿಂಜಿದರೆ ತೂಕ ಅಷ್ಟೇ ಇದ್ದು ಗಾತ್ರ ಮಾತ್ರ ಉಬ್ಬುತ್ತದೆ. ವಾರಪತ್ರಿಕೆಯ ಧಾರಾವಾಹಿ ಪುಸ್ತಕವಾದಾಗ ಇದು ಎದ್ದು ಕಾಣುತ್ತದೆ. ಒಂದು ವಾರದ ಬಿಡುವಿನಲ್ಲಿ ಮರೆತಿರುತ್ತಾರೆಂದು ಪ್ರತಿ ಕಂತಿನ ಮೊದಲಲ್ಲಿ ಹಳೆಯ ಸಂಗತಿಯನ್ನು ನಾಲ್ಕು ಸಾಲಿನಲ್ಲಿ ನೆನಪಿಸಿರುತ್ತಾರೆ, ಕೊನೆಯಲ್ಲಿ ಬಾಗಿಲು ಬಡಿದ ಸದ್ದೋ ಬಂದ ಕಾಗದವೋ ಇಟ್ಟು ‘ಸಶೇಷ’ ಹಾಕಿರುತ್ತಾರೆ. ಪುಸ್ತಕ ಮಾಡುವಾಗ ‘ಸಶೇಷ’ ತೆಗೆದು ನೆನಪಿಸುವ ಸಾಲುಗಳನ್ನು ಹಾಗೇ ಬಿಟ್ಟರೆ, ಒಟ್ಟಿಗೆ ಓದುವವರಿಗೆ ಹೇಳಿದ್ದನ್ನೇ ಹೇಳಿದಂತೆ ಕೇಳುತ್ತದೆ. ಅಲ್ಲಿ ಹಿಂಜಿದ್ದಾರೆ ಎಂದು ಲೇಖಕರನ್ನು ದೂರುವುದು ಸಲ್ಲದು. ‘ಕಂತಿನ ಗುರುತು ಉಳಿದಿದೆ’ ಎಂದು ಬರೆಯಿರಿ.

‘ಒಂದೇ ಗುಕ್ಕಿಗೆ ಓದಿದೆ’ ಎಂದರೆ ಗುಕ್ಕು ಬಾಯಿಗೆ ಹಾಕುವ ತುತ್ತು. ನೂರು ಪುಟದೊಳಗಿನ ಕಾದಂಬರಿಗೆ ಚೆನ್ನ, ಐನೂರು ಪುಟದ್ದಕ್ಕೆ ಅತಿಯಾಯಿತು. ‘ಒಂದೇ ಪಟ್ಟಿಗೆ ಕೂತು’ ಎಂಬುದು ದೊಡ್ಡ ಪುಸ್ತಕಕ್ಕೆ ಸರಿ. ನಿಮ್ಮ ತೆಲುಗು ಕಾದಂಬರಿಗಳ ಬೆನ್ನುಡಿಯಲ್ಲಿ ‘ಏಕಬಿಗಿನ’ ಎಂದಿದ್ದರೆ ಅದಕ್ಕೂ ಇದೇ ಸಾಕು, ‘ಒಂದೇ ಬಿಗಿಯಲ್ಲಿ’ ಎಂದು ತಂದರೆ ಕನ್ನಡದಲ್ಲಿ ಕೂರುವುದಿಲ್ಲ. ಎರಡು ಭಾಷೆಯೂ ಮನೆಯಲ್ಲೇ ಇರುವ ಕೋಲಾರ, ಚಿಕ್ಕಬಳ್ಳಾಪುರದ ನಮಗೆ ಇಂಥ ಜಾರು ಹೆಚ್ಚು. ಹಾಗೆಯೇ ತೆಲುಗಿನವರು ‘ನವಲ’ ಅನ್ನುವುದನ್ನು ನಾವು ‘ಕಾದಂಬರಿ’ ಅನ್ನುತ್ತೇವೆ. ಏಳನೆಯ ಶತಮಾನದ ಬಾಣನ ಕತೆಯ ನಾಯಕಿಯ ಹೆಸರು ಕನ್ನಡದಲ್ಲೂ ಮರಾಠಿಯಲ್ಲೂ ಇಡೀ ಪ್ರಕಾರಕ್ಕೆ ಹೆಸರಾಯಿತು.

ಕೊನೆಯದಾಗಿ ‘ಓದುಬಾಕ’. ಹೊಟ್ಟೆಬಾಕ, ಕೊಳ್ಳುಬಾಕ ಎಂಬ ಜೊತೆಗಾರರಿಂದ ಈ ‘ಬಾಕ’ಕ್ಕೆ ಮಿತಿಮೀರಿದ ಆಸೆಯ ಕಳಂಕ ಅಂಟಿದೆ. ಗೆಳೆಯರಲ್ಲಿ, ಅಥವಾ ತಮ್ಮನ್ನು ತಾವೇ ಕರೆದುಕೊಳ್ಳುವಾಗ ಪ್ರೀತಿಯ ಪದ. ಹಿರಿಯರಿಗೆ ಬೇಡ. ಶಾಲೆಯ ವ್ಯಾಕರಣದಲ್ಲಿ ‘ಆಳಿ’ ಪ್ರತ್ಯಯಕ್ಕೆ ಮಾತಾಳಿ, ಜೂದಾಳಿಗಳ ಜೊತೆ ‘ಓದಾಳಿ’ ಎಂದು ಕಲಿಸುತ್ತಾರೆ. ಅರ್ಥ ಸರಿಯಾಗಿದ್ದರೂ ಜೂದಾಳಿಯ ಪಕ್ಕ ಹಿರಿಯರನ್ನು ಕೂರಿಸಿದ ಹಾಗಾಗುತ್ತದೆ. ‘ತುಂಬಾ ಓದಿಕೊಂಡವರು’ ಅಂದರೆ ವಿದ್ವಾಂಸರು ಎಂದಾಗಿ ಕಾದಂಬರಿಯ ಪ್ರೀತಿ ತಪ್ಪಿಹೋಗುತ್ತದೆ. ‘ಕಾದಂಬರಿಯೆಂದರೆ ಅವರಿಗೆ ಪ್ರಾಣ, ಹೊಸದು ಬಂದರೆ ಓದದೆ ಬಿಡುವವರಲ್ಲ’ ಎಂದು ಪರಿಚಯಿಸಿ.